ಆಲ್ಮಾ ಪಿಲ್ಲಿಂಗ್ ಸುಮ್ಮನಾದ ಎಂಟು ಸೆಕೆಂಡು

ನಮ್ಮ ಹೋಲ್ಡನ್‌ಶಾ ಟೌನ್ ಫುಟ್‌ಬಾಲ್ ತಂಡದ ಮೈದಾನದಲ್ಲಿ ಪೂರ್ವದ ಗ್ಯಾಲರಿಯ ಏಳನೇ ಸಾಲು ಕಣ್ಣಿಲ್ಲದವರದ್ದು. ಹನ್ನೊಂದು ಜನ. ಒಬ್ಬೊಬ್ಬರ ಕಿವಿಗೂ ಒಂದು ಸಣ್ಣ ಯಂತ್ರ. ಸಾಲಿನ ಕೊನೆಯ ಕುರ್ಚಿಯಲ್ಲಿ ಮೊಣಕಾಲಿನ ಮೇಲೆ ಕಂಬಳಿ ಹೊದ್ದು, ಮೈಕು ಹಿಡಿದು ಕೂತವಳು ಆಲ್ಮಾ ಪಿಲ್ಲಿಂಗ್. ಆಟ ಶುರುವಾದಾಗಿನಿಂದ ಕೊನೆಯ ಸೀಟಿಯವರೆಗೆ ಆಕೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತಾಳೆ. ಉಸಿರು ಯಾವಾಗ ತೆಗೆದುಕೊಳ್ಳುತ್ತಾಳೋ ಯಾರಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷದಲ್ಲಿ ಆಕೆಯ ಮಾತು ನಿಂತದ್ದು ಒಂದೇ ಸಲ, ಅದೂ ಎಂಟು ಸೆಕೆಂಡು.

ಮಾರ್ಚ್ ತಿಂಗಳ ಕೊನೆಯ ಶನಿವಾರ ಅದು. ಎದುರಾಳಿಯವನೊಬ್ಬ ಕಾಲು ಹಿಡಿದುಕೊಂಡು ಬಿದ್ದಿದ್ದ, ಆಟ ನಿಂತಿತ್ತು. ಆ ಸಂದಿಯಲ್ಲಿ ನಮ್ಮ ನಾಯಕ ರಸೆಲ್ ಡೈಸನ್ ಗೋಲ್‌ಕೀಪರನ ಹತ್ತಿರ ಹೋಗಿ ಏನೋ ಹೇಳಿದ. ಇಪ್ಪತ್ತೆರಡು ಸಾವಿರ ಜನ ಕೂಗುತ್ತಿದ್ದ ಆ ಗದ್ದಲದಲ್ಲಿ ಅವನ ಮಾತು ಕೇಳಿಸಿದ್ದು ಗೋಲ್‌ಕೀಪರನಿಗೆ ಒಬ್ಬನಿಗೇ. ಆಲ್ಮಾಗೆ ಅದು ಕಾಣಿಸಿತು. ಅವನ ತುಟಿ ಹೇಳಿದ್ದು ಇಷ್ಟು:

"ಎಡಗಣ್ಣಿಗೆ ಪರದೆ ಇಳಿದಂಗಿದೆ ಕಣೋ. ಅರ್ಧಕ್ಕರ್ಧ ಏನೂ ಕಾಣ್ತಿಲ್ಲ. ಯಾರಿಗೂ ಬಾಯಿ ಬಿಡಬೇಡ. ಸೀಸನ್ ಒಂದು ಮುಗೀಲಿ."

ಆಲ್ಮಾಳ ನಾಲಿಗೆ ಅಲ್ಲೇ ನಿಂತಿತು. ಹನ್ನೊಂದು ಕಿವಿಗಳಲ್ಲಿ ಬರೀ ಗಾಳಿಯ ಸದ್ದು. ಪಕ್ಕದ ಕುರ್ಚಿಯ ಸೆಡ್ರಿಕ್ ಹಾವರ್ತ್ ತನ್ನ ಯಂತ್ರವನ್ನು ಎರಡು ಸಲ ಕುಟ್ಟಿದ.

"ಆಲ್ಮಾ, ಇದೀಯೇನೇ? ಸತ್ತಿದ್ರೆ ಹೇಳಿಬಿಡು, ಬೇರೆಯೋರನ್ನ ಕರೀತೀವಿ."

"ಇದೀನಿ ಕಣೋ, ನಿನ್ನ ಕಳಿಸದೆ ನಾನೆಲ್ಲಿಗೆ ಹೋಗ್ಲಿ," ಅಂದಳು ಆಲ್ಮಾ. "ಏನಿಲ್ಲ. ಡೈಸನ್ ಗೋಲ್‌ಕೀಪರ್ ಹತ್ರ ನೀರು ಕೇಳ್ದ, ಅಷ್ಟೇ."

ಆ ಸಾಲಿಗೆ ಆಲ್ಮಾ ಹೇಳಿದ ಮೊದಲ ಸುಳ್ಳು ಅದು. ಆ ಮಾತನ್ನು ಹೊರಗೆ ಹಾಕಿದರೆ ಡೈಸನ್ ಅಂದೇ ಮೈದಾನ ಬಿಡಬೇಕು, ಅವನಿಲ್ಲದೆ ತಂಡ ಮೇಲಿನ ದರ್ಜೆಯಿಂದ ಬೀಳುವುದು ಖಂಡಿತ. ಹಾಕದಿದ್ದರೆ ಅವನ ಕಣ್ಣು ಹೋಗುತ್ತದೆ. ಇದರಲ್ಲಿ ಆಲ್ಮಾಗೆ ಅನುಮಾನವೇ ಇರಲಿಲ್ಲ, ಯಾಕೆಂದರೆ ಪರದೆ ಇಳಿಯುವ ಆ ಮಾತನ್ನು ಆಕೆ ಹಿಂದೆ ಒಮ್ಮೆ ತನ್ನ ಅಡುಗೆಮನೆಯಲ್ಲಿ ಕೇಳಿದ್ದಳು.

ತುಟಿ ಓದುವುದನ್ನು ಆಲ್ಮಾ ಯಾವ ಶಾಲೆಯಲ್ಲೂ ಕಲಿತದ್ದಲ್ಲ. ಹದಿನೈದು ತುಂಬಿದ ವಾರವೇ ಆಕೆಯ ತಾಯಿ ಆಕೆಯನ್ನು ಹತ್ತಿ ಗಿರಣಿಗೆ ಕರೆದುಕೊಂಡು ಹೋದಳು. ನೇಯುವ ಛಾವಣಿಯ ಕೆಳಗೆ ಆರುನೂರು ಮಗ್ಗ. ಅವು ಒಟ್ಟಿಗೆ ಹೊಡೆದುಕೊಳ್ಳುವಾಗ ನಿಮ್ಮ ಕಿವಿಯ ಪಕ್ಕ ನಿಂತು ಕಿರುಚಿದರೂ ಕೇಳಿಸದು. ಹಾಗೆಂದು ನಮ್ಮೂರಿನ ಹೆಂಗಸರು ಹತ್ತು ಗಂಟೆ ಬಾಯಿ ಮುಚ್ಚಿಕೊಂಡಿರುತ್ತಾರೆಯೇ? ಅವರು ಸದ್ದೇ ಇಲ್ಲದೆ, ತುಟಿಯನ್ನು ಅಗಲಕ್ಕೆ ಆಡಿಸಿ, ಮೂವತ್ತು ಮಗ್ಗದ ಆಚೆ ನಿಂತವಳ ಜೊತೆ ಮನೆಯ ಕಥೆ, ಅತ್ತೆಯ ಕಥೆ, ಮೇಸ್ತ್ರಿಯ ಮೀಸೆಯ ಕಥೆ ಎಲ್ಲ ಆಡುತ್ತಿದ್ದರು. ಮೇಸ್ತ್ರಿ ಮಧ್ಯದಲ್ಲೇ ನಿಂತಿದ್ದರೂ ಅವನಿಗೆ ತಿಳಿಯುತ್ತಿರಲಿಲ್ಲ. ಆಲ್ಮಾ ಇಪ್ಪತ್ತೆರಡು ವರ್ಷ ಅಲ್ಲಿ ದುಡಿದಳು. ಗಿರಣಿ ಮುಚ್ಚಿದಾಗ ಮಗ್ಗಗಳನ್ನು ಲಾರಿಯಲ್ಲಿ ಹೇರಿಕೊಂಡು ಹೋದರು, ತುಟಿ ಓದುವ ಕಣ್ಣು ಮಾತ್ರ ಆಕೆಯ ಜೊತೆ ಮನೆಗೆ ಬಂತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ಚರ್ಚಿನಲ್ಲಿ ದೂರದವರು ಪಿಸುಗುಟ್ಟಿದ್ದೆಲ್ಲ ಆಕೆಗೆ ಬೇಡವೆಂದರೂ ಕಾಣುತ್ತಿತ್ತು.

ಗಿರಣಿ ಮುಚ್ಚಿದ ಮರುವರ್ಷ ಆಕೆಯ ಗಂಡ ಹೆರಾಲ್ಡನ ಕಣ್ಣು ಕೆಟ್ಟಿತು. ಒಂದು ಶುಕ್ರವಾರ ಬೆಳಿಗ್ಗೆ ಚಹಾ ಲೋಟ ಹಿಡಿದುಕೊಂಡು, ಒಂದು ಕಣ್ಣಿಗೆ ಪರದೆ ಇಳಿದ ಹಾಗಿದೆ ಎಂದ. ಮರುದಿನ ಟೌನ್ ತಂಡಕ್ಕೆ ದೊಡ್ಡ ಕಪ್ ಪಂದ್ಯ. ಸೋಮವಾರ ಡಾಕ್ಟರ ಹತ್ತಿರ ಹೋದರಾಯಿತು ಎಂದುಕೊಂಡರು. ಸೋಮವಾರ ಡಾಕ್ಟರು ಕಣ್ಣಿನೊಳಗೆ ದೀಪ ಬಿಟ್ಟು ನೋಡಿ, ಶುಕ್ರವಾರವೇ ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದರು. ಉಳಿದ ಕಣ್ಣನ್ನು ಸಕ್ಕರೆ ಕಾಯಿಲೆ ನಿಧಾನವಾಗಿ ತಿಂದಿತು.

ಕಣ್ಣು ಹೋದರೂ ಹೆರಾಲ್ಡನಿಗೆ ಆಟದ ಹುಚ್ಚು ಬಿಡಲಿಲ್ಲ. ಆಲ್ಮಾ ಅವನ ತೋಳು ಹಿಡಿದು ಗ್ಯಾಲರಿಗೆ ಕರೆತಂದು ಕಿವಿಯಲ್ಲಿ ಆಟ ಹೇಳತೊಡಗಿದಳು. ಚೆಂಡು ಎಲ್ಲಿದೆ, ಯಾರ ಕಾಲಿನಲ್ಲಿದೆ ಎನ್ನುವುದನ್ನು ಯಾರು ಬೇಕಾದರೂ ಹೇಳಿಯಾರು. ಆಲ್ಮಾ ಅದರ ಜೊತೆಗೆ ಆಟಗಾರರ ಬಾಯಿಂದ ಉದುರಿದ್ದನ್ನೂ ಹೇಳುತ್ತಿದ್ದಳು. ರೆಫ್ರಿಗೆ ಯಾರು ಏನೆಂದು ಬೈದರು, ಎದುರಾಳಿಯ ಮುಂಚೂಣಿಯವನು ನಮ್ಮ ಹುಡುಗನ ತಾಯಿಯ ಬಗ್ಗೆ ಏನೆಂದ, ಅದಕ್ಕೆ ನಮ್ಮವನ ಉತ್ತರವೇನು, ಒಂದನ್ನೂ ಬಿಡುತ್ತಿರಲಿಲ್ಲ. ಹೆರಾಲ್ಡ್ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಮುಂದಿನ ಸಾಲಿನವರು ಕುತ್ತಿಗೆ ತಿರುಗಿಸಿ ಕೇಳತೊಡಗಿದರು. ಕಣ್ಣಿದ್ದವರಿಗೂ ಸಿಗದ ಆಟ ಅದು. ವರ್ಷ ಕಳೆಯುವುದರೊಳಗೆ ಊರಿನ ಕಣ್ಣಿಲ್ಲದವರೆಲ್ಲ ಆಲ್ಮಾಳ ಸುತ್ತ ಬಂದು ಕೂತರು, ಕ್ಲಬ್ಬಿನವರು ಮೈಕು ಕೊಟ್ಟರು. ಹೆರಾಲ್ಡ್ ತೀರಿಕೊಂಡ ವಾರವೂ ಆಕೆ ಆ ಕುರ್ಚಿ ತಪ್ಪಿಸಲಿಲ್ಲ. ಶುಕ್ರವಾರ ಮಣ್ಣು ಮಾಡಿ ಶನಿವಾರ ಬಂದು ಕೂತಳು. ಜನ ಏನೆಂದುಕೊಂಡಾರು ಎಂದು ತಂಗಿ ಕೇಳಿದ್ದಕ್ಕೆ, "ಹನ್ನೊಂದು ಜನ ಕತ್ತಲಲ್ಲಿ ಕೂತಿರ್ತಾರೆ ಕಣೇ, ನಾನು ಮನೇಲಿ ಕೂತು ಅತ್ರೆ ಅವರಿಗೆ ಗೋಲು ಕಾಣುತ್ತಾ?" ಎಂದಳಂತೆ. ಇಂಥ ಹೆಂಗಸಿಗೆ ನಮ್ಮೂರು ಒಂದು ಹಾರ ಹಾಕಿದ್ದನ್ನು ನಾನು ಕಂಡಿಲ್ಲ. ಹಾಕಿಸಿಕೊಳ್ಳುವವಳೂ ಅಲ್ಲ ಬಿಡಿ.

ಆಕೆಯ ಮಾತು ನಿಂತ ಆ ಸೀಸನ್‌ನಲ್ಲಿ, ಮೂವತ್ತೇಳು ವರ್ಷದ ಮೇಲೆ, ಟೌನ್ ತಂಡ ಮೇಲಿನ ದರ್ಜೆಗೆ ಹತ್ತಿತ್ತು. ಆಗಸ್ಟ್‌ನಲ್ಲಿ ಊರಿನ ಕಿಟಕಿಗಳಲ್ಲೆಲ್ಲ ನೀಲಿ ಬಿಳಿ ಬಾವುಟ. ಪಾದ್ರಿಯ ಮನೆಯ ಬೆಕ್ಕಿಗೂ ನೀಲಿ ಪಟ್ಟಿ ಕಟ್ಟಿದ್ದರು. ಕ್ರಿಸ್‌ಮಸ್ ಹೊತ್ತಿಗೆ ನಾವು ಇಪ್ಪತ್ತು ತಂಡಗಳಲ್ಲಿ ಇಪ್ಪತ್ತನೆಯವರು. ಕೊನೆಯ ಮೂರು ತಂಡ ಕೆಳಗೆ ಬೀಳುತ್ತವೆ. ಜನವರಿಯಿಂದ ತಂಡವನ್ನು ಹೆಗಲ ಮೇಲೆ ಹೊತ್ತು ಎಳೆದವನು ರಸೆಲ್ ಡೈಸನ್. ಮೂವತ್ಮೂರು ವಯಸ್ಸು, ಹಿಂದಿನ ಸಾಲಿನ ಆಟಗಾರ, ಮೈದಾನದಿಂದ ಎರಡು ಬೀದಿಯಾಚೆ ಹುಟ್ಟಿ ಬೆಳೆದವನು. ಅವನು ಶಿಕ್ಷೆಗೆ ಮೂರು ಪಂದ್ಯ ಹೊರಗಿದ್ದಾಗ ನಾವು ಹನ್ನೊಂದು ಗೋಲು ತಿಂದಿದ್ದೆವು. ಅವನು ಬಂದ, ತಂಡ ಎದ್ದು ಕೂತಿತು. ಮಾರ್ಚ್ ಕೊನೆಗೆ ಹದಿನೇಳನೆಯ ಸ್ಥಾನ, ಅಂದರೆ ಗುಂಡಿಯ ಅಂಚಿನಲ್ಲಿ, ಒಂದೇ ಒಂದು ಮೆಟ್ಟಿಲು ಮೇಲೆ.

ಆ ಎಂಟು ಸೆಕೆಂಡಿನ ಮೇಲೆ ಬುಧವಾರ ಸಂಜೆ ಮತ್ತೊಂದು ಪಂದ್ಯ. ಆಲ್ಮಾ ಚೆಂಡಿಗಿಂತ ಹೆಚ್ಚಾಗಿ ಡೈಸನ್‌ನನ್ನೇ ನೋಡಿದಳು. ಎಡಗಡೆಯಿಂದ ಯಾರಾದರೂ ಬಂದರೆ ಅವನು ಕಣ್ಣು ಹೊರಳಿಸುತ್ತಿರಲಿಲ್ಲ, ಕೋಳಿಯ ಹಾಗೆ ಇಡೀ ಕತ್ತನ್ನೇ ತಿರುಗಿಸುತ್ತಿದ್ದ. ಹೆರಾಲ್ಡನೂ ಮೊದಮೊದಲು ಹೀಗೇ ತಿರುಗುತ್ತಿದ್ದ. ಎಂಬತ್ತನೇ ನಿಮಿಷದಲ್ಲಿ ಬಲಗಡೆಯಿಂದ ಬಂದ ಚೆಂಡಿಗೆ ಅದೇ ಡೈಸನ್ ತಲೆ ಕೊಟ್ಟ. ಗೋಲು! ಒಂದು ಸೊನ್ನೆಯಿಂದ ಗೆದ್ದೆವು. ಊರಿಗೆ ಊರೇ ಕುಣಿಯಿತು. ಆಲ್ಮಾ ಗೋಲನ್ನು ವರ್ಣಿಸಿದಳು, ಕುಣಿತವನ್ನು ವರ್ಣಿಸಿದಳು, ಕತ್ತಿನ ವಿಷಯ ಮಾತ್ರ ನುಂಗಿಕೊಂಡಳು.

ಪಂದ್ಯ ಮುಗಿದ ಮೇಲೆ ಏಳನೇ ಸಾಲಿನವರು ಕೂಡಲೇ ಏಳುವುದಿಲ್ಲ. ಜನಸಂದಣಿ ಕರಗಲಿ ಎಂದು ಗ್ಯಾಲರಿಯ ಹಿಂದಿನ ಕೋಣೆಯಲ್ಲಿ ಅರ್ಧ ಗಂಟೆ ಕೂತು ಚಹಾ ಕುಡಿಯುತ್ತಾರೆ, ಮಾಂಸದ ಪೈ ತಿನ್ನುತ್ತಾರೆ, ಆಡಿದ ಆಟವನ್ನು ಇನ್ನೊಮ್ಮೆ ಆಡುತ್ತಾರೆ. ಆ ದಿನ ಎಲ್ಲರೂ ಖುಷಿಯಲ್ಲಿದ್ದರು. ಸೆಡ್ರಿಕ್ ಮಾತ್ರ ಪೈ ಮುಟ್ಟಲಿಲ್ಲ. ಈ ಸೆಡ್ರಿಕ್ ಹುಟ್ಟು ಕುರುಡ. ನಲವತ್ತು ವರ್ಷ ಮನೆಮನೆಗೆ ಹೋಗಿ ಪಿಯಾನೋ ಶ್ರುತಿ ಮಾಡಿದವನು. ನಾಲಿಗೆ ಸ್ವಲ್ಪ ಒರಟು.

"ಆಲ್ಮಾ, ಇಲ್ಲಿ ಕೂತ್ಕೋ," ಅಂದ. "ಶನಿವಾರ ಎಂಟು ಸೆಕೆಂಡು ಸುಮ್ಮನಿದ್ದೆ. ನಾನು ಎಣಿಸಿದೀನಿ. ಆಮೇಲೆ ನೀರು ಗೀರು ಅಂದೆ. ನಿನ್ನ ದನಿ ಅರ್ಧ ಸ್ವರ ಕೆಳಗಿತ್ತು. ಇವತ್ತಂತೂ ಪೂರ್ತಿ ಆಟ ಹಾಗೇ ಹೇಳ್ದೆ, ಗೆದ್ದಾಗ ಕೂಡ. ಏನು ಕಂಡೆ?"

"ಏನೂ ಇಲ್ಲ ಕಣೋ. ಗಂಟಲು ಕಟ್ಟಿದೆ."

"ಗಂಟಲು ಕಟ್ಟಿದ ದನಿ ನಂಗೆ ಗೊತ್ತು. ಇದು ಮುಚ್ಚಿಡೋ ದನಿ. ನಮ್ಮ ಹತ್ರ ಕಣ್ಣಿಲ್ಲ, ನೀನು ಹೇಳಿದ್ದೇ ನಮಗೆ ಆಟ. ನೀನೇ ಸುಳ್ಳು ಹೇಳಿದ್ರೆ ನಾವು ಮನೇಲೇ ಕೂತ್ಕೋತೀವಿ."

ಆ ಮಾತು ಆಲ್ಮಾಗೆ ನಾಟಿತು. ಆದರೂ ಬಾಯಿ ಬಿಡಲು ಮನಸ್ಸಾಗಲಿಲ್ಲ.

"ಗಿರಣಿಲಿ ನಮಗೊಂದು ಕಟ್ಟುಪಾಡಿತ್ತು ಸೆಡ್ರಿಕ್. ಎಲ್ಲರ ತುಟಿ ಎಲ್ಲರಿಗೂ ಕಾಣೋದು. ನಿನಗೆ ಅಂತ ಆಡದ ಮಾತು ಕಣ್ಣಿಗೆ ಬಿತ್ತು ಅಂದ್ರೆ, ಅದನ್ನ ಮೂರನೆಯೋರಿಗೆ ದಾಟಿಸೋ ಹಾಗಿಲ್ಲ. ದಾಟಿಸಿದೋಳ ಜೊತೆ ಆಮೇಲೆ ಯಾರೂ ಊಟಕ್ಕೆ ಕೂರ್ತಿರಲಿಲ್ಲ."

"ಓಹೋ! ಇಪ್ಪತ್ತು ವರ್ಷದಿಂದ ರೆಫ್ರಿಗೆ ಬಿದ್ದ ಬೈಗುಳಾನೆಲ್ಲ ನಮಗೆ ಬಿಸಿಬಿಸಿ ಬಡಿಸಿದೀಯಲ್ಲ, ಆವಾಗ ನಿನ್ನ ಕಟ್ಟುಪಾಡು ರಜೆ ಮೇಲೆ ಹೋಗಿತ್ತಾ?"

ಎಲ್ಲರೂ ನಕ್ಕರು. ಆಲ್ಮಾಗೂ ನಗು ಬಂತು, ನಗುತ್ತಲೇ ಕಣ್ಣು ತುಂಬಿತು. ಕೋಣೆಯ ಬಾಗಿಲು ಹಾಕಿ ಬಂದು ಕಂಡದ್ದನ್ನೆಲ್ಲ ಹೇಳಿದಳು. ಪರದೆಯ ಮಾತು, ಕೋಳಿಯ ಹಾಗೆ ತಿರುಗುವ ಕತ್ತು, ಎಲ್ಲವನ್ನೂ.

ಮೊದಲು ಮಾತಾಡಿದವನು ಇಮ್ತಿಯಾಜ್. ಟ್ಯಾಕ್ಸಿ ಆಫೀಸಿನಲ್ಲಿ ಫೋನು ಎತ್ತುವ ಕೆಲಸ ಅವನದು. ಊರಿನ ಅಷ್ಟೂ ಬೀದಿ ಅವನ ತಲೆಯಲ್ಲಿದೆ, ಒಂದನ್ನೂ ನೋಡಿಲ್ಲ. ಚಿಕ್ಕಂದಿನಲ್ಲೇ ಜ್ವರಕ್ಕೆ ಕಣ್ಣು ಹೋದದ್ದು.

"ಆಂಟಿ, ಬೇಜಾರು ಮಾಡ್ಕೋಬೇಡಿ. ಇನ್ನು ಏಳೇ ಪಂದ್ಯ. ಅವನಿಗೆ ಇನ್ನೊಂದು ಕಣ್ಣಿದೆಯಲ್ಲ? ನಾವೆಲ್ಲ ಒಂದೂ ಇಲ್ದೆ ಸಂಸಾರ ಮಾಡ್ತಿಲ್ವಾ?"

ಯಾರೋ ಮತ್ತೆ ನಕ್ಕರು. ಆದರೆ ಆ ನಗು ಹಿಂದಿನ ನಗುವಿನಂತೆ ಹರಡಲಿಲ್ಲ. ಇಮ್ತಿಯಾಜನೇ ತಲೆ ತಗ್ಗಿಸಿ, "ನಮ್ಮಪ್ಪ ಇಲ್ಲಿಗೆ ಬಂದ ದಿನದಿಂದ ಟೌನ್ ಮೇಲೆ ಹತ್ತೋದನ್ನ ಕಾದ್ರು ಆಂಟಿ. ಕಾದೂ ಕಾದೂ ಹೋಗಿಬಿಟ್ರು. ನಾನು ಕಂಡೆ. ಅದಕ್ಕೆ ಹೊಟ್ಟೆ ಉರಿಯುತ್ತೆ," ಅಂದ.

ಸೆಡ್ರಿಕ್ ಬಟ್ಟಲನ್ನು ಪಕ್ಕಕ್ಕೆ ಸರಿಸಿದ. "ನಂಗೆ ಇಲ್ಲದ್ದು ಮೊದಲಿಂದಲೂ ಇಲ್ಲ. ಇದ್ದು ಹೋಗೋದು ಹೇಗಿರುತ್ತೋ ನಂಗೆ ಗೊತ್ತಿಲ್ಲ. ಅದು ಗೊತ್ತಿದ್ದೋನು ನಿನ್ನ ಗಂಡ. ಅವನಿದ್ದಿದ್ರೆ ಏನಂತಿದ್ದ ಆಲ್ಮಾ?"

ಆಲ್ಮಾ ಯಾರಿಗೂ ಹೇಳದ ಒಂದು ಮಾತು ಇತ್ತು. ತಂಗಿಗೂ ಹೇಳಿರಲಿಲ್ಲ, ಪಾದ್ರಿಗೂ ಹೇಳಿರಲಿಲ್ಲ.

"ಅವನು ಸೋಮವಾರದವರೆಗೆ ಕಾಯೋಣ ಅಂದಾಗ ಬೇಡ ಅನ್ನಬಹುದಿತ್ತು," ಅಂದಳು. "ಅನ್ನಲಿಲ್ಲ. ಯಾಕಂದ್ರೆ ಆ ಕಪ್ ಪಂದ್ಯ ನಂಗೇ ನೋಡ್ಬೇಕಿತ್ತು. ಅವನಿಗಿಂತ ನಂಗೇ ಹೆಚ್ಚು ಆಸೆ. ಸೋತ್ವಿ ಬೇರೆ, ಮೂರು ಸೊನ್ನೆಗೆ."

ಆಲ್ಮಾ ಎದ್ದು ಕೋಟು ಹಾಕಿಕೊಂಡಳು.

"ಮ್ಯಾನೇಜರ್‌ಗೂ ಹೇಳಲ್ಲ, ಡಾಕ್ಟರ್‌ಗೂ ಹೇಳಲ್ಲ. ಮಾತು ಅವನ ಬಾಯಿಂದ ಬಿದ್ದದ್ದು, ಅವನಿಗೇ ವಾಪಸು ಕೊಡ್ತೀನಿ. ನೀವು ಹನ್ನೊಂದು ಜನಾನೂ ಬಾಯಿಗೆ ಬೀಗ ಹಾಕ್ಕೊಳ್ಳಿ."

ಬಾಗಿಲು ದಾಟುವಾಗ ಹಿಂದಿನಿಂದ ಇಮ್ತಿಯಾಜನ ದನಿ: "ನಾಳೆ ಬೆಳಿಗ್ಗೆ ಎಂಟೂವರೆಗೆ ನಿಮ್ಮ ಮನೆ ಮುಂದೆ ಕಾರಿರುತ್ತೆ ಆಂಟಿ. ಅಭ್ಯಾಸದ ಮೈದಾನಕ್ಕೆ ಬಸ್ಸು ಹೋಗಲ್ಲ."

ಅಭ್ಯಾಸದ ಮೈದಾನ ಊರಾಚೆ, ಬೆಟ್ಟದ ಬುಡದಲ್ಲಿ. ಗೇಟಿನ ಕಾವಲುಗಾರ ಆಲ್ಮಾಳನ್ನು ಒಳಗೆ ಬಿಡಲಿಲ್ಲ. "ಆಟಗಾರರ ಸಹಿ ಹಾಕಿಸ್ಕೊಳ್ಳೋದು ಶುಕ್ರವಾರ ಅಮ್ಮಾ, ಶುಕ್ರವಾರ ಬನ್ನಿ," ಎಂದ. ನಿನ್ನ ಸಹಿಯನ್ನೂ ಹಾಕಿಸಿಕೊಳ್ಳುತ್ತೇನೆ, ಸ್ವಲ್ಪ ಸುಮ್ಮನಿರಪ್ಪ ಎಂದು ಆಲ್ಮಾ ತಂತಿ ಬೇಲಿಯ ಉದ್ದಕ್ಕೂ ನಡೆದುಹೋದಳು. ಒದ್ದೆ ಹುಲ್ಲು, ಗಾಳಿ, ನೂರು ಗಜದಾಚೆ ಆಟಗಾರರು. ಆಲ್ಮಾ ಎರಡು ಬೆರಳು ಬಾಯಿಗಿಟ್ಟು ಶಿಳ್ಳೆ ಹೊಡೆದಳು. ಎಲ್ಲರೂ ತಿರುಗಿದರು. ಆಕೆ ಡೈಸನ್‌ಗೆ ಬೆರಳು ತೋರಿಸಿದಳು, ಆಮೇಲೆ ತನ್ನ ತುಟಿಗೆ. ಆಮೇಲೆ ಸದ್ದಿಲ್ಲದೆ, ಗಿರಣಿಯಲ್ಲಿ ಆಡುತ್ತಿದ್ದ ಹಾಗೆ, ಬಾಯಿ ಅಗಲಿಸಿ ಮಾತಾಡಿದಳು.

"ನಿನ್ನ ಎಡಗಣ್ಣು. ಪರದೆ. ನಂಗೆ ಗೊತ್ತು."

ಅವನಿಗೆ ತಿಳಿಯುತ್ತದೆಂದು ಆಲ್ಮಾಗೆ ಖಾತ್ರಿಯೇನೂ ಇರಲಿಲ್ಲ. ಆದರೆ ಗದ್ದಲದ ನಡುವೆ ಆಟಗಾರರನ್ನು ಕರೆಯುವಾಗ ಅವನ ತುಟಿ ಆಡುವ ರೀತಿ ನೋಡಿ, ಇವನು ಯಾರೋ ನೇಯುವವಳ ಮಡಿಲಲ್ಲಿ ಬೆಳೆದ ಹುಡುಗ ಎಂದು ಎಂದೋ ಊಹಿಸಿದ್ದಳು. ಊಹೆ ತಪ್ಪಲಿಲ್ಲ. ಡೈಸನ್ ಕಂಬದಂತೆ ನಿಂತ. ಆಮೇಲೆ ಅವನ ತುಟಿಯೂ ಸದ್ದಿಲ್ಲದೆ ಆಡಿತು.

"ನಮ್ಮಜ್ಜಿ ಸತ್ತ ಮೇಲೆ ನನ್ನ ಹತ್ರ ಯಾರೂ ಹೀಗೆ ಮಾತಾಡಿರಲಿಲ್ಲ. ಯಾರು ನೀವು?"

"ಆಲ್ಮಾ ಪಿಲ್ಲಿಂಗ್. ಏಳನೇ ಸಾಲು. ಇವತ್ತೇ ಆಸ್ಪತ್ರೆಗೆ ಹೋಗು ಮಗಾ."

"ಏಳು ಪಂದ್ಯ, ಮಿಸೆಸ್ ಪಿಲ್ಲಿಂಗ್. ಮುಗಿದ ಮಾರನೇ ದಿನಾನೇ ಹೋಗ್ತೀನಿ. ದೇವರಾಣೆ."

"ಸೋಮವಾರ ಹೋಗ್ತೀನಿ ಅಂದೋನ ಜೊತೆ ನಾನು ಸಂಸಾರ ಮಾಡಿದೀನಿ. ತಟ್ಟೆಲಿ ಆಲೂಗಡ್ಡೆ ಎಲ್ಲಿದೆ ಅಂತ ದಿನಾ ಹೇಳ್ಬೇಕಿತ್ತು. ಅಪ್ಪಿತಪ್ಪಿ ಒಂದಿನ ಮರೆತ್ರೆ, ಬರೀ ತಟ್ಟೆ ಕೆರೀತಾ ಕೂತಿರ್ತಿದ್ದ, ಕೇಳ್ತಿರಲಿಲ್ಲ."

ಇಬ್ಬರ ನಡುವೆ ನಿಂತಿದ್ದ ಮ್ಯಾನೇಜರಿಗೆ ಒಂದೂ ಅರ್ಥವಾಗಲಿಲ್ಲ. "ಯಾರಪ್ಪಾ ಆ ಹೆಂಗಸು? ಹಲ್ಲುನೋವಾ?" ಎಂದು ಸಹಾಯಕನನ್ನು ಕೇಳಿದ. ಅದೂ ಆಲ್ಮಾಗೆ ಕಾಣಿಸಿತು.

"ಮೈಕಲ್ಲಿ ಹೇಳಿಬಿಡ್ತೀರಾ?" ಡೈಸನ್‌ನ ಮುಖ ಬಿಳಿಚಿತ್ತು.

"ಇಲ್ಲ. ಕಣ್ಣು ನಿಂದು, ಮಾತೂ ನಿಂದು. ನೀನೇ ಹೇಳ್ಬೇಕು. ಹೇಳೋವರೆಗೂ ನಾನು ಈ ಬೇಲಿ ಬಿಟ್ಟು ಹೋಗಲ್ಲ. ಕಾರಿನೋನು ಕಾಯ್ತಿದಾನೆ."

"ನಾನಿಲ್ದೆ ತಂಡ ಬೀಳುತ್ತೆ. ಊರು ನನ್ನ ಸುಟ್ಟುಬಿಡುತ್ತೆ."

"ಸುಡ್ಲಿ. ಎರಡು ಕಣ್ಣೂ ಬಿಟ್ಕೊಂಡು ನೋಡು, ಸುಡೋದನ್ನ."

ಅಷ್ಟರಲ್ಲಿ ಚೆಂಡೊಂದು ಡೈಸನ್‌ನ ಎಡಗಾಲಿನ ಪಕ್ಕವೇ ಉರುಳಿಕೊಂಡು ಹೋಯಿತು, ಅವನಿಗೆ ಕಾಣಲಿಲ್ಲ. ಅದು ಹೋದದ್ದು ಉಳಿದವರ ಮುಖ ನೋಡಿದ ಮೇಲೆ ತಿಳಿಯಿತು. ಆಮೇಲೆ ಅವನು ತಂಡದ ಡಾಕ್ಟರ ಕೋಣೆಯ ಕಡೆ ನಡೆದ. ಆಲ್ಮಾ ಬೇಲಿಯ ತಂತಿ ಹಿಡಿದುಕೊಂಡು ಅಲ್ಲೇ ಅತ್ತಳು. ಇಪ್ಪತ್ತು ವರ್ಷಕ್ಕೂ ಹಿಂದಿನ ಆ ಶುಕ್ರವಾರಕ್ಕೂ ಸೇರಿಸಿ ಅತ್ತಳು.

ಅಂದು ಸಂಜೆಯೇ ಮ್ಯಾಂಚೆಸ್ಟರಿನಲ್ಲಿ ಶಸ್ತ್ರಚಿಕಿತ್ಸೆ ಆಯಿತು. ಹಿಂದಿನ ಯಾವುದೋ ಪಂದ್ಯದಲ್ಲಿ ಬಿದ್ದ ಮೊಣಕೈ ಏಟಿಗೆ ಕಣ್ಣಿನ ಹಿಂದಿನ ಪೊರೆ, ಅಂದರೆ ರೆಟಿನಾ, ಹರಿದು ಕಳಚಿಕೊಂಡಿದೆ ಎಂದರು. ಡೈಸನ್ ಈ ಸೀಸನ್ ಆಡುವುದಿಲ್ಲ ಎಂದು ಪತ್ರಿಕೆ ಬರೆಯಿತು. ಮುಂದಿನ ಆರು ಪಂದ್ಯದಲ್ಲಿ ನಾಲ್ಕು ಸೋತೆವು. ಏಪ್ರಿಲ್ ಕೊನೆಗೆ ಇನ್ನೂ ಕೆಟ್ಟ ಸುದ್ದಿ ಬಂತು. ಕೂಡಿಸಿದ ಪೊರೆ ಮತ್ತೆ ಕಳಚಿದೆ, ಮತ್ತೊಮ್ಮೆ ಕೊಯ್ಯಬೇಕು, ಈ ಸಲ ಹಿಡಿಯದಿದ್ದರೆ ಮುಗಿಯಿತು.

ಕಸಾಯಿ ಅಂಗಡಿಯ ಸಾಲಿನಲ್ಲಿ ಜನ ಬಾಯಿಗೆ ಬಂದದ್ದು ಆಡುತ್ತಿದ್ದರು. "ಒಂದು ತಿಂಗಳು ತಡ್ಕೊಳ್ಳೋಕೆ ಆಗ್ತಿರಲಿಲ್ವಾ ಅವನಿಗೆ? ಹೇಗೂ ಸರಿ ಹೋಗಿಲ್ವಂತೆ," ಎಂದಳೊಬ್ಬಳು. ಆಲ್ಮಾ ಮೂರು ಜನರ ಹಿಂದೆ ನಿಂತು ಕೇಳಿಸಿಕೊಂಡಳು. ಮೇಲಿನ ದರ್ಜೆಯೂ ಹೋಗಿ ಕಣ್ಣೂ ಹೋದರೆ ತಾನು ಮಾಡಿದ್ದೇನು? ಆ ಬೇಲಿಯ ಹತ್ತಿರ ಹೋಗಿದ್ದು ಅವನಿಗಾಗಿಯೋ, ತನ್ನ ಹೆರಾಲ್ಡನಿಗಾಗಿಯೋ? ಆ ರಾತ್ರಿ ಆಕೆಗೆ ಊಟ ಸೇರಲಿಲ್ಲ.

ಮೇ ತಿಂಗಳ ನಡುವಿನ ಭಾನುವಾರ ಕೊನೆಯ ಪಂದ್ಯ. ಗೆದ್ದರೆ ಉಳಿಯುತ್ತೇವೆ, ಸಮವಾದರೂ ಕೆಳಗೆ. ಆಟಕ್ಕೆ ಹತ್ತು ನಿಮಿಷವಿರುವಾಗ ಮೆಟ್ಟಿಲ ಮೇಲೆ ಇಮ್ತಿಯಾಜನ ದನಿ ಕೇಳಿಸಿತು. "ದಾರಿ ಬಿಡಿ, ದಾರಿ ಬಿಡಿ! ಕುರುಡ ಕುರುಡನ್ನ ಕರ್ಕೊಂಡು ಬರ್ತಿದಾನೆ, ಬಿದ್ರೆ ನಿಮ್ಮ ಮೇಲೇ ಬೀಳೋದು!" ಅವನ ಭುಜ ಹಿಡಿದುಕೊಂಡು, ನಡು ಬಗ್ಗಿಸಿ, ನೆಲವನ್ನೇ ನೋಡುತ್ತ ಬಂದವನು ರಸೆಲ್ ಡೈಸನ್. ಎರಡನೇ ಶಸ್ತ್ರಚಿಕಿತ್ಸೆ ಆಗಿ ಹತ್ತು ದಿನ. ಕಣ್ಣಿನೊಳಗೆ ಗಾಳಿಯ ಗುಳ್ಳೆ ಇಟ್ಟಿದ್ದಾರೆ, ಅದು ಪೊರೆಯನ್ನು ಒತ್ತಿ ಹಿಡಿಯಬೇಕೆಂದರೆ ಎರಡು ವಾರ ತಲೆ ಎತ್ತುವಂತಿಲ್ಲ. ಮಲಗುವುದೂ ಮುಖ ಕೆಳಗೆ, ಉಣ್ಣುವುದೂ ಮುಖ ಕೆಳಗೆ. ನಾಯಕರಿಗೆಂದು ಇಟ್ಟ ಮೆತ್ತನೆಯ ಕುರ್ಚಿ ಬಿಟ್ಟು ಅವನು ಏಳನೇ ಸಾಲು ಕೇಳಿಕೊಂಡು ಬಂದಿದ್ದ.

"ಆಟ ನೋಡೋ ಹಾಗಿಲ್ಲ ಮಿಸೆಸ್ ಪಿಲ್ಲಿಂಗ್," ಅಂದ. "ನೀವೇ ಹೇಳ್ಬೇಕು."

"ಕಣ್ಣು ಹೇಗಿದೆ?"

"ಬೆಳಿಗ್ಗೆ ಪಟ್ಟಿ ಬಿಚ್ಚಿದ್ರು. ಬರೀ ಮಂಜು. ಏನೂ ಕಾಣಲಿಲ್ಲ."

ಸೆಡ್ರಿಕ್ ಪಕ್ಕಕ್ಕೆ ಸರಿದು ತನ್ನ ಕುರ್ಚಿ ಬಿಟ್ಟುಕೊಟ್ಟ. ಅವನು ಯಾರಿಗಾದರೂ ಕುರ್ಚಿ ಬಿಟ್ಟದ್ದನ್ನು ಆ ಸಾಲು ಕೇಳಿರಲೇ ಇಲ್ಲ. ಡೈಸನ್ ಮೊಣಕಾಲಿಗೆ ಹಣೆ ಹಚ್ಚಿ ಕೂತ. ಕಿವಿಗೆ ಯಂತ್ರ, ಕೈಯಲ್ಲಿ ನೀಲಿ ಬಿಳಿ ಉಣ್ಣೆಯ ಸ್ಕಾರ್ಫು.

ಆಲ್ಮಾ ಅಂದು ಹೇಳಿದ ಹಾಗೆ ಎಂದೂ ಹೇಳಿರಲಿಲ್ಲ. ಇಪ್ಪತ್ತನೇ ನಿಮಿಷದಲ್ಲಿ ಅವರ ಗೋಲು, ಐವತ್ತೊಂದಕ್ಕೆ ನಮ್ಮದು. ಗೋಲ್‌ಕೀಪರ್ ತನ್ನ ಹಿಂದಿನ ಸಾಲಿಗೆ ಬೈದದ್ದನ್ನು ಹೇಳಿದಾಗ ಡೈಸನ್ ನೆಲ ನೋಡುತ್ತಲೇ, "ನಾನಿದ್ದಿದ್ರೆ ಅದಕ್ಕಿಂತ ಚೆನ್ನಾಗಿ ಬೈತಿದ್ದೆ," ಎಂದು ಗೊಣಗಿದ. ಎಂಬತ್ತೆಂಟನೇ ನಿಮಿಷದಲ್ಲಿ ನಮ್ಮ ಚೆಂಡು ಕಂಬಕ್ಕೆ ಬಡಿಯಿತು. ಆ ಸದ್ದು ಹನ್ನೊಂದು ಜನಕ್ಕೂ ನೇರವಾಗಿಯೇ ಕೇಳಿಸಿತು, ಆಲ್ಮಾ ಹೇಳಬೇಕಾಗಿ ಬರಲಿಲ್ಲ. ಕೊನೆಗೆ ಸೀಟಿ.

"ಮುಗೀತು," ಅಂದಳು ಆಲ್ಮಾ. ದನಿ ಇಳಿಸಲಿಲ್ಲ. "ಒಂದು ಒಂದು. ನಾವು ಕೆಳಗೆ. ಹುಡುಗರು ಹುಲ್ಲಿನ ಮೇಲೆ ಕೂತುಬಿಟ್ಟಿದಾರೆ. ಗೋಲ್‌ಕೀಪರ್ ಅಂಗಿ ಮುಖಕ್ಕೆ ಎಳ್ಕೊಂಡಿದಾನೆ. ಜನ ಎದ್ದಿದಾರೆ, ಆದ್ರೆ ಹೋಗ್ತಿಲ್ಲ. ಚಪ್ಪಾಳೆ ತಟ್ತಿದಾರೆ."

ಸೆಡ್ರಿಕ್ ಟೋಪಿ ತೆಗೆದ. ಇಮ್ತಿಯಾಜ್ ಮೂಗು ಒರೆಸಿಕೊಂಡ. ಡೈಸನ್‌ನ ಬೆನ್ನು ಅಲುಗುತ್ತಿತ್ತು. ಅವನು ಸ್ಕಾರ್ಫನ್ನು ಮುಖಕ್ಕೆ ಒತ್ತಿಕೊಂಡು ಒರೆಸಿದ, ಇನ್ನೊಮ್ಮೆ ಒರೆಸಿದ. ಆಮೇಲೆ ಒರೆಸುವ ಕೈ ಹಾಗೇ ನಿಂತಿತು.

ಆಲ್ಮಾ ಮೈದಾನ ಬಿಟ್ಟು ಅವನನ್ನೇ ನೋಡತೊಡಗಿದಳು. ಮೈಕು ಇನ್ನೂ ಬಾಯಿಯ ಹತ್ತಿರವೇ ಇತ್ತು, ಕಂಡದ್ದನ್ನು ಹೇಳುವುದು ಆಕೆಯ ಕೆಲಸ.

"ಡೈಸನ್ ಅಂಗೈಲಿ ಬಲಗಣ್ಣು ಮುಚ್ಕೊಂಡಿದಾನೆ," ಅಂದಳು. "ಒಳ್ಳೇ ಕಣ್ಣು ಮುಚ್ಚಿ ಎಡಗಣ್ಣು ಬಿಟ್ಟಿದಾನೆ. ಸ್ಕಾರ್ಫು ಕಣ್ಣಿಗೆ ತೀರಾ ಹತ್ರ ಹಿಡ್ಕೊಂಡಿದಾನೆ, ಎರಡು ಬೆರಳು ದೂರ ಅಷ್ಟೇ. ಅಲ್ಲಾಡ್ತಿಲ್ಲ."

ಹನ್ನೊಂದು ತಲೆಗಳು ಆ ಕಡೆ ತಿರುಗಿದವು.

"ಹೆಬ್ಬೆರಳಿನ ಉಗುರು ಒಂದು ಎಳೆ ಮೇಲೆ ಇಟ್ಟ. ನೀಲಿ ಎಳೆ. ಪಕ್ಕದ ಎಳೆಗೆ ಸರಿಸಿದ. ಮತ್ತೆ ಪಕ್ಕದ್ದಕ್ಕೆ. ಈಗ ಬಿಳೀದು ಬಂತು, ಬಿಳಿ ಬಂದ ಜಾಗದಲ್ಲೇ ಉಗುರು ನಿಲ್ಲಿಸ್ದ. ಅಯ್ಯೋ ದೇವರೇ, ಸರಿಯಾಗಿ ಅಲ್ಲೇ ನಿಲ್ಲಿಸ್ದ."

"ಎಷ್ಟಾಯ್ತು?" ಸೆಡ್ರಿಕ್‌ನ ದನಿ ಒಡೆದಿತ್ತು. "ಆಲ್ಮಾ, ಎಷ್ಟು ಎಳೆ ಆಯ್ತೇ?"

"ಹದಿಮೂರು," ಅಂದಳು ಆಲ್ಮಾ. "ಸುಮ್ನಿರ್ರೋ ಎಲ್ಲ. ಎಣಿಸ್ತಾ ಇದಾನೆ."